ಲೂಯಿಸ್ ಚೆಸ್ ಕಾಯಿಗಳ ಪ್ಲಾಸ್ಟರ್ ಸೆಟ್: ಬೆನ್ನು ನೋಡಿ ತಗೊಳ್ಳಿ

ಆಡುವುದಕ್ಕೆ ಅಂತ ಈ ನಕಲು ಸೆಟ್ ತಗೊಳ್ಳಬೇಡಿ. ಕಪಾಟಿನಲ್ಲಿ ಇಟ್ಟು ನೋಡುವುದಕ್ಕಾದರೆ ಧಾರಾಳವಾಗಿ ತಗೊಳ್ಳಿ. ಆದರೆ ಅದಕ್ಕೂ ಮುಂಚೆ ಕಾಯಿಗಳ ಹಿಂಭಾಗದ ಫೋಟೋ ಕೇಳಿ. ಮುಂಭಾಗವನ್ನು ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ.

ಅಸಲಿ ಕಾಯಿಗಳು ಹನ್ನೆರಡನೇ ಶತಮಾನದವು. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಬೆಳಕಿಗೆ ಬಂದವು. ಹೆಚ್ಚಿನವು ವಾಲ್ರಸ್ ಅನ್ನುವ ಕಡಲ ಪ್ರಾಣಿಯ ದಂತದಲ್ಲಿ ಕೆತ್ತಿದವು, ಕೆಲವು ಮಾತ್ರ ತಿಮಿಂಗಿಲದ ಹಲ್ಲಿನವು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮಾಡಿರಬೇಕು ಅನ್ನುವವರೇ ಜಾಸ್ತಿ. ಆಗ ಸಿಕ್ಕ 93 ವಸ್ತುಗಳಲ್ಲಿ 82 ಬ್ರಿಟಿಷ್ ಮ್ಯೂಸಿಯಂ ಪಾಲಾದವು, 11 ಸ್ಕಾಟ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿವೆ. ನಮ್ಮಂಥವರಿಗೆ ನಕಲೇ ಗತಿ, ಅಲ್ವಾ?

ನನಗೆ ಬಂದ ಸೆಟ್‌ನಲ್ಲಿ ರಾಣಿಯೇ ಎಲ್ಲಕ್ಕಿಂತ ಚೆನ್ನಾಗಿದ್ದಾಳೆ. ಬಲಗೈಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಅಗಲಿಸಿಕೊಂಡು, ಏನೋ ಕೆಟ್ಟ ಸುದ್ದಿ ಕೇಳಿದವಳ ಹಾಗೆ ಕೂತಿದ್ದಾಳೆ. ಬೆರಳುಗಳ ನಡುವಿನ ಗೆರೆ ಕೂಡ ಅಚ್ಚಿನಲ್ಲಿ ಉಳಿದಿದೆ. ತಿರುಗಿಸಿದರೆ ಸಿಂಹಾಸನದ ಹಿಂದೆ ಸುತ್ತಿಕೊಂಡ ಬಳ್ಳಿಯ ಕೆತ್ತನೆ, ಅದೂ ಸ್ಪಷ್ಟವಾಗಿಯೇ ಇದೆ. ಆದರೆ ರಾಜನ ಬೆನ್ನಿನ ಮೇಲೆ ಇಳಿಬಿದ್ದ ಜಡೆಗಳು ಮಾತ್ರ ಸವೆದು ನುಣ್ಣಗಾಗಿವೆ. ಹಳೇ ಅಚ್ಚನ್ನೇ ಮತ್ತೆ ಮತ್ತೆ ಬಳಸಿದ್ದಾರೆ ಅನ್ನಿಸುತ್ತದೆ. ಒಬ್ಬ ಬಿಷಪ್‌ನ (ನಮ್ಮ ಒಂಟೆ ಕಾಯಿ) ಗಲ್ಲದ ಮೇಲೆ ಗಾಳಿಗುಳ್ಳೆಯ ತೂತು ಬೇರೆ. ಮಾರಿದವರಿಗೆ ಬರೆದರೆ 'ಕೈಕೆಲಸದಲ್ಲಿ ಇದೆಲ್ಲ ಸಹಜ' ಅಂತ ಉತ್ತರ ಬಂತು. ಪ್ಲಾಸ್ಟರ್ ಸುರಿಯುವಾಗ ಅಚ್ಚನ್ನು ಸ್ವಲ್ಪ ತಟ್ಟಿದ್ದರೆ ಆ ಗುಳ್ಳೆ ಮೇಲೆ ಬಂದು ಹೋಗುತ್ತಿತ್ತು. ಇದರಲ್ಲಿ ಸಹಜ ಏನು ಬಂತು!

ಆನೆಯ ಜಾಗದಲ್ಲಿ ಇಲ್ಲಿ ಕಾವಲು ಯೋಧರಿದ್ದಾರೆ. ಗುರಾಣಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದವನನ್ನು ನೋಡಿದರೆ ಈಗಲೂ ನಗು ಬರುತ್ತದೆ. ಕುದುರೆಗಳು ಗಿಡ್ಡ, ಸವಾರನ ಕಾಲು ನೆಲಕ್ಕೆ ತಾಗುವಷ್ಟು. ಭರ್ಜಿ ಕುದುರೆಯ ಮೈಗೆ ಅಂಟಿಕೊಂಡೇ ಇರುವುದರಿಂದ ಮುರಿಯುವ ಭಯವಿಲ್ಲ. ದಂತದ ದಪ್ಪ ಎಷ್ಟೋ ಅಷ್ಟರೊಳಗೇ ಕೆತ್ತಬೇಕಿತ್ತಲ್ಲ, ಹಾಗಾಗಿ ಯಾವ ಕಾಯಿಯಲ್ಲೂ ಚಾಚಿಕೊಂಡ ಭಾಗ ಕಡಿಮೆ. ಪ್ಲಾಸ್ಟರ್‌ಗೆ ಇದು ಹೇಳಿ ಮಾಡಿಸಿದಂಥ ಆಕಾರ.

ಹಾಗಿದ್ದರೂ ಬುಡದ ಅಂಚು ತಡೆಯುವುದಿಲ್ಲ. ಬೋರ್ಡ್ ಮೇಲೆ ಕಾಯಿ ಸ್ವಲ್ಪ ಜೋರಾಗಿ ಇಟ್ಟರೆ ಬಿಳಿ ಪುಡಿ ಉದುರುತ್ತದೆ, ಕ್ರಮೇಣ ಚಕ್ಕೆ ಏಳುತ್ತದೆ. ಕೆಳಗೆ ಬಟ್ಟೆಯನ್ನೂ ಅಂಟಿಸಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಪ್ಲಾಸ್ಟರ್ ನೀರು ಹೀರುತ್ತದೆ. ಮೆತ್ತನೆಯ ಬ್ರಷ್ ಸಾಕು.

ಬಣ್ಣದ ಬಗ್ಗೆ ನನ್ನ ತಕರಾರು ಇದೆ. ಎದುರು ಪಕ್ಷಕ್ಕೆ ಕಪ್ಪಿನ ಬದಲು ಕೆಂಪು ಕೊಟ್ಟಿದ್ದು ಸರಿಯೇ, ಸಿಕ್ಕಾಗ ಕೆಲವು ಅಸಲಿ ಕಾಯಿಗಳ ಮೇಲೂ ಕೆಂಪು ಬಣ್ಣವಿತ್ತಂತೆ. ಆದರೆ ಬಿಳಿ ಕಾಯಿಗಳ ಗೆರೆಗಳಲ್ಲಿ ಕಂದು ಬಣ್ಣ ತುಂಬಿ 'ಹಳೇದು' ಮಾಡಲು ಹೋಗಿ, ಮುಖಕ್ಕೆಲ್ಲ ಕೊಳೆ ಮೆತ್ತಿದ ಹಾಗಾಗಿದೆ. ವಾಲ್ರಸ್ ದಂತದ ಒಳಪದರದಲ್ಲಿ ಇರುವ ಮಚ್ಚೆಮಚ್ಚೆ ವಿನ್ಯಾಸ ಇದರಲ್ಲಿ ಹೇಗೂ ಬರುವುದಿಲ್ಲ. ಸುಮ್ನೆ ತಿಳಿ ಕೆನೆಬಣ್ಣ ಕೊಟ್ಟು ಮೇಣ ಉಜ್ಜಿದ್ದರೆ ಸಾಕಿತ್ತು.

ಆಡಲೇಬೇಕು ಅನ್ನುವವರು ರೆಸಿನ್ (ಪ್ಲಾಸ್ಟಿಕ್‌ನಂಥ ಗಟ್ಟಿ ವಸ್ತು) ಸೆಟ್ ನೋಡಿ. ಪ್ಲಾಸ್ಟರ್‌ನಲ್ಲೇ ಬೇಕಿದ್ದರೆ ಇಡೀ ಸೆಟ್ ಬೇಡ, ರಾಣಿ ಮತ್ತು ಆ ಗುರಾಣಿ ಕಚ್ಚುವವನು, ಇಬ್ಬರನ್ನೇ ಬಿಡಿಯಾಗಿ ಕೊಡುತ್ತಾರಾ ಕೇಳಿ.