ಹಳೆಯ ಬಾಸ್ ಗಿಟಾರ್‌ಗೆ ಹೊಸ ಪಿಕಪ್: ಸೀಮೋರ್ ಡಂಕನ್ ಎಸ್‌ಪಿಬಿ-1 ಬಳಸಿ ನೋಡಿದಾಗ

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬದಲಾಯಿಸಿದರೆ ಹಳೆಯ ಬಾಸ್ ಗಿಟಾರ್‌ನ ಗುಂಯ್‌ಗುಡುವಿಕೆ ನಿಲ್ಲುತ್ತದೆಯೇ ಎಂಬುದು ಮೈಸೂರಿನ ವಾದ್ಯಗೋಷ್ಠಿಗಳಲ್ಲಿ ನುಡಿಸುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ. ನಿಲ್ಲುತ್ತದೆ. ಆದರೆ ಆ ಒಂದು ಕಾರಣಕ್ಕಾಗಿ ಅಮೆರಿಕದಿಂದ ಬರುವ ಪಿಕಪ್‌ಗೆ ಹಣ ಸುರಿಯುವ ಮೊದಲು ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕೂರುವುದು ಲೇಸು. ಏಕೆಂದರೆ ಪಿಕಪ್‌ನ ಹೆಸರಿನಲ್ಲಿ ನಾವು ದೂರುವ ದೋಷಗಳಲ್ಲಿ ಬಹಳಷ್ಟು ಪಿಕಪ್‌ನದ್ದಾಗಿರುವುದಿಲ್ಲ. ಸೀಮೋರ್ ಡಂಕನ್ ಸಂಸ್ಥೆಯ ಎಸ್‌ಪಿಬಿ-1 ಎಂಬ ಪಿಕಪ್ಪನ್ನು ನನ್ನ ಹಳೆಯ ವಾದ್ಯಕ್ಕೆ ಜೋಡಿಸಿ, ಸುಗಮ ಸಂಗೀತದ ಕಾರ್ಯಕ್ರಮಗಳಿಂದ ಗಣೇಶೋತ್ಸವದ ಪೆಂಡಾಲಿನವರೆಗೆ ನುಡಿಸಿ ನೋಡಿದ ಮೇಲೆ, ಅದರ ಗುಣವೆಷ್ಟು, ನಮ್ಮ ತಪಾಸಣೆಯಿಂದಲೇ ಸರಿಹೋದದ್ದೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ವಾದ್ಯದ ಪರಿಚಯ ಮೊದಲು. 1970ರ ದಶಕದ ಕೊನೆಯ ಭಾಗದಲ್ಲಿ ಜಪಾನಿನಲ್ಲಿ ತಯಾರಾದ, ಫೆಂಡರ್ ಪ್ರೆಸಿಷನ್ ಬಾಸ್ ಮಾದರಿಯ ನಾಲ್ಕು ತಂತಿಯ ಬಾಸ್ ಇದು. ತಲೆಯ ಮೇಲಿನ ಹೆಸರು ಅಳಿಸಿಹೋಗಿದೆ. ಆರ್ಕೆಸ್ಟ್ರಾದಿಂದ ನಿವೃತ್ತರಾದ ಹಿರಿಯರೊಬ್ಬರ ಕೈಯಿಂದ ನನಗೆ ಬಂತು. ಕುತ್ತಿಗೆ ನೇರವಾಗಿತ್ತು, ಮರ ಚೆನ್ನಾಗಿ ಒಣಗಿತ್ತು, ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಇನ್ನೂ ಜೀವವಿತ್ತು. ತೊಂದರೆ ಇದ್ದದ್ದು ಧ್ವನಿಯಲ್ಲಿ. ಮೇಲಿನ ಎರಡು ತಂತಿಗಳು ಬಲಹೀನವಾಗಿ ಕೇಳುತ್ತಿದ್ದವು, ಜೊತೆಗೆ ಬಿಡದ ಗುಂಯ್ ಸದ್ದು.

ಪ್ರೆಸಿಷನ್ ಬಾಸ್ ಮಾರುಕಟ್ಟೆಗೆ ಬಂದದ್ದು 1951ರಲ್ಲಿ. ಆಗ ಅದಕ್ಕಿದ್ದದ್ದು ಒಂದೇ ಸುರುಳಿಯ ಪಿಕಪ್. 1957ರಲ್ಲಿ ಲಿಯೋ ಫೆಂಡರ್ ಅವರ ಸಂಸ್ಥೆ ಅದನ್ನು ಎರಡು ತುಂಡಾಗಿ ಸೀಳಿ, ‘ಇ’ ಮತ್ತು ‘ಎ’ ತಂತಿಗಳಿಗೆ ಒಂದು ಸುರುಳಿ, ‘ಡಿ’ ಮತ್ತು ‘ಜಿ’ ತಂತಿಗಳಿಗೆ ಇನ್ನೊಂದು ಸುರುಳಿ ಎಂದು ಹಂಚಿತು. ಈ ಎರಡು ತುಂಡುಗಳಲ್ಲಿ ಅಯಸ್ಕಾಂತದ ಧ್ರುವಗಳು ಒಂದಕ್ಕೊಂದು ವಿರುದ್ಧ, ಸುರುಳಿಯ ಸಂಪರ್ಕದ ದಿಕ್ಕೂ ವಿರುದ್ಧ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಹಾಗೆಯೇ ಹೊರಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್‌ಗಳಿಂದ ಎರಡು ಸುರುಳಿಗಳಿಗೂ ಸಮನಾಗಿ ತಾಗುವ ಸದ್ದು ಮಾತ್ರ ಒಂದನ್ನೊಂದು ಅಳಿಸಿಹಾಕುತ್ತದೆ. ಎಂದರೆ, ಸರಿಯಾಗಿ ಜೋಡಿಸಿದ ಇಂಥ ಪಿಕಪ್ ಅಷ್ಟಾಗಿ ಗುಂಯ್‌ಗುಡಲೇಬಾರದು. ನನ್ನ ವಾದ್ಯ ಗುಂಯ್‌ಗುಡುತ್ತಿತ್ತು ಎಂಬುದೇ ಒಳಗೆ ಏನೋ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಈ ಸದ್ದು ನಮ್ಮ ನಾಡಿನಲ್ಲಿ ಹೆಚ್ಚು ಕಾಡುವುದಕ್ಕೆ ಒಂದು ಸ್ವಾರಸ್ಯಕರವಾದ ಕಾರಣವಿದೆ. ಅಮೆರಿಕದಲ್ಲಿ ಮನೆಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು. ಅದು ‘ಎ ಶಾರ್ಪ್’ ಮತ್ತು ‘ಬಿ’ ಸ್ವರಗಳ ನಟ್ಟನಡುವೆ ಬಿದ್ದು, ಹಾಡಿನಿಂದ ಬೇರೆಯಾಗಿ ನಿಲ್ಲುತ್ತದೆ. ನಮ್ಮದು 50 ಹರ್ಟ್ಸ್. ಬಾಸ್‌ನ ‘ಇ’ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ‘ಜಿ’ ಸ್ವರ 49 ಹರ್ಟ್ಸ್, ಬಿಡಿ ‘ಜಿ’ ತಂತಿ 98 ಹರ್ಟ್ಸ್. ವಿದ್ಯುತ್ತಿನ 50 ಹರ್ಟ್ಸ್ ಸದ್ದು ಮತ್ತು ಅದರ ಇಮ್ಮಡಿಯಾದ 100 ಹರ್ಟ್ಸ್ ಇವೆರಡಕ್ಕೂ ಅಂಟಿಕೊಂಡಂತೆ, ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಮೇಲೆ, ಅಪಶ್ರುತಿಯಲ್ಲಿ ಕೂರುತ್ತದೆ. ಗಾಯಕಿಯರು ಐದು ಮನೆ ಶ್ರುತಿಯಲ್ಲಿ ಹಾಡುವಾಗ ‘ಜಿ’ ಸ್ವರವೇ ಷಡ್ಜ. ಗಾಯಕಿ ಆಲಾಪದಲ್ಲಿ ಷಡ್ಜಕ್ಕೆ ಬಂದು ನಿಂತಾಗ ನಮ್ಮ ವಾದ್ಯದಿಂದ ತುಸು ಏರಿದ ಇನ್ನೊಂದು ಷಡ್ಜ ಸೋರುತ್ತಿದ್ದರೆ, ತಂಬೂರಿ ಶ್ರುತಿಗೆ ಕಿವಿ ಪಳಗಿದ ಮೈಸೂರಿನ ಶ್ರೋತೃಗಳು ಹಿಂತಿರುಗಿ ಧ್ವನಿವರ್ಧಕದವರನ್ನು ನೋಡುತ್ತಾರೆ. ಪಾಪ, ಅವರ ತಪ್ಪೇನೂ ಇರುವುದಿಲ್ಲ.

ಹಲಗೆ ಬಿಚ್ಚಿ ಅಳೆದಾಗ ಎರಡು ದೋಷ ಕಂಡವು. ಮೊದಲನೆಯದು, ‘ಇ–ಎ’ ತುಂಡಿನ ರೋಧ ಸುಮಾರು 5 ಕಿಲೋಓಮ್ ತೋರಿಸಿದರೆ ‘ಡಿ–ಜಿ’ ತುಂಡು ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ಎನಾಮಲ್ ಲೇಪ ಕೆಟ್ಟು ಸುತ್ತುಗಳು ಒಳಗೊಳಗೇ ಒಂದಕ್ಕೊಂದು ತಾಗಿದಾಗ ಹೀಗಾಗುತ್ತದೆ. ಕಂಬಿ ಪೂರ್ತಿ ತುಂಡಾಗಿದ್ದರೆ, ಎರಡೂ ಸುರುಳಿಗಳು ಸರಣಿಯಲ್ಲಿರುವುದರಿಂದ, ಇಡೀ ವಾದ್ಯವೇ ಮೂಕವಾಗಿರುತ್ತಿತ್ತು. ಎರಡನೆಯದು ಇನ್ನೂ ತಮಾಷೆಯದು: ಹಿಂದೆಂದೋ ರಿಪೇರಿ ಮಾಡಿದವರು ಒಂದು ತುಂಡಿನಿಂದ ಹೊರಬರುವ ಎರಡು ಸಂಪರ್ಕದ ತಂತುಗಳನ್ನು (ವೈರ್‌ಗಳನ್ನು) ಅದಲುಬದಲು ಮಾಡಿ ಬೆಸೆದಿದ್ದರು. ಸಾಮಾನ್ಯ ಗಿಟಾರ್‌ನಲ್ಲಿ ಇಂಥ ತಿರುವುಮುರುವಾದರೆ ಧ್ವನಿ ತೆಳುವಾಗಿ ಕೂಡಲೇ ಗೊತ್ತಾಗುತ್ತದೆ. ಪ್ರೆಸಿಷನ್ ಬಾಸ್‌ನಲ್ಲಿ ಪ್ರತಿ ತಂತಿಯೂ ಒಂದೇ ಸುರುಳಿಗೆ ಕೇಳಿಸುವುದರಿಂದ ನುಡಿಯಲ್ಲಿ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಅಳಿಯಬೇಕಿದ್ದ ಗುಂಯ್ ಸದ್ದು ಮಾತ್ರ ಇಮ್ಮಡಿಯಾಗುತ್ತದೆ. ಆ ಎರಡು ತಂತುಗಳನ್ನು ಸರಿಯಾಗಿ ಬೆಸೆದ ಕೂಡಲೇ ಸದ್ದಿನ ಬಹುಪಾಲು ಇಳಿಯಿತು, ಒಂದು ಪೈಸೆಯ ಹೊಸ ಸಾಮಾನಿಲ್ಲದೆ. ಪೂರ್ತಿ ಇಳಿಯದಿದ್ದುದಕ್ಕೆ ಕಾರಣ ಎರಡು ಸುರುಳಿಗಳೂ ಸಮಬಲದವಾಗಿರದೆ ಇದ್ದದ್ದು. ಪಿಕಪ್ ಕೊಳ್ಳಲು ನನಗೆ ದೊರೆತ ನ್ಯಾಯವಾದ ಕಾರಣ ಇದೊಂದೇ.

ಮರುಸುತ್ತಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮಂಡ್ಯದ ಕಡೆ ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗಳಿಗೇನೂ ಬರವಿಲ್ಲ, ಆದರೆ ಪಿಕಪ್‌ನ ಕಂಬಿ ಆ ಕೈಗಳಿಗೆ ಒಗ್ಗುವಂಥದ್ದಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪಿಕಪ್‌ಗಳಲ್ಲಿ ರೂಢಿಯಾಗಿರುವ 42 ಗೇಜ್ ಎಂಬುದು ಅಮೆರಿಕದ ಗೇಜ್. ಅದರ ದಪ್ಪ ಸುಮಾರು 0.063 ಮಿಲಿಮೀಟರ್. ನಮ್ಮಲ್ಲಿ ತಾಮ್ರದ ಕಂಬಿ ಮಾರುವುದು ಬ್ರಿಟಿಷ್ ಎಸ್‌ಡಬ್ಲ್ಯುಜಿ ಲೆಕ್ಕದಲ್ಲಿ, ಅದರ 42 ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಹೆಸರು ಕೇಳಿ ಅದನ್ನೇ ತಂದು ಸುತ್ತಿಸಿದರೆ ಬೇಕಾದಷ್ಟು ಸುತ್ತುಗಳು ಬಾಬಿನ್‌ನಲ್ಲಿ ಹಿಡಿಯುವುದಿಲ್ಲ, ಪಿಕಪ್‌ಗೆ ಬಲ ಬರುವುದಿಲ್ಲ. ನಿಮಗೆ ಬೇಕಾದದ್ದು ಎಸ್‌ಡಬ್ಲ್ಯುಜಿ 46ರ ಆಸುಪಾಸಿನದು. ವಾದ್ಯ ನಿಜವಾದ ಹಳೆಯ ಫೆಂಡರ್ ಆಗಿದ್ದರೆ ನಾನು ಹೊಸ ಪಿಕಪ್ಪಿನ ಗೋಜಿಗೆ ಹೋಗದೆ, ಕೆಲಸ ಬಲ್ಲವರಿಗೆ ಕಳುಹಿಸಿ ಮರುಸುತ್ತಿಸುತ್ತಿದ್ದೆ. ಮೂಲ ಭಾಗಗಳು ಉಳಿದಷ್ಟೂ ಅಂಥ ವಾದ್ಯಕ್ಕೆ ಬೆಲೆ. ಹೆಸರೇ ಉಳಿಯದ ಈ ಬಾಸ್‌ಗೆ ಆ ಮಡಿವಂತಿಕೆ ಬೇಕಾಗಲಿಲ್ಲ. ಹಾಗಿದ್ದರೂ ಹಳೆಯ ಪಿಕಪ್‌ನ ತಂತುಗಳನ್ನು ಕತ್ತರಿಸದೆ ಬೆಸುಗೆ ಬಿಡಿಸಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಇರಿಸಿದ್ದೇನೆ.

ಇನ್ನು ಎಸ್‌ಪಿಬಿ-1ರ ವಿಚಾರ. ಕ್ಯಾಲಿಫೋರ್ನಿಯಾದ ಈ ಸಂಸ್ಥೆ ಪ್ರೆಸಿಷನ್ ಬಾಸ್‌ಗೆಂದು ಮಾಡುವ ಪಿಕಪ್‌ಗಳಲ್ಲಿ ಇದು ಹಳೆಯ ಧ್ವನಿಯನ್ನು ಗುರಿಯಾಗಿಟ್ಟುಕೊಂಡದ್ದು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಆಲ್ನಿಕೋ 5 ಮಿಶ್ರಲೋಹದ ಸರಳುಗಳೇ ಇದರ ಅಯಸ್ಕಾಂತಗಳು. ಪೆಟ್ಟಿಗೆಯಿಂದ ತೆಗೆದು ಅಳೆದಾಗ ಎರಡೂ ತುಂಡುಗಳ ರೋಧ ಒಂದಕ್ಕೊಂದು ಬಹಳ ಹತ್ತಿರವಿತ್ತು, ಒಟ್ಟು ಹತ್ತರಿಂದ ಹನ್ನೊಂದು ಕಿಲೋಓಮ್‌ಗಳ ನಡುವೆ. ನಾನು ಮೊದಲು ನೋಡಿದ್ದೇ ಈ ಸಮತೋಲವನ್ನು, ಇದರಲ್ಲಿ ಅದು ಪೂರ್ಣಾಂಕ ಪಡೆಯುತ್ತದೆ. ಗುಳಿಯಲ್ಲಿ ಕೂರಿಸಲು ಮರ ಕೊರೆಯಬೇಕಾಗಲಿಲ್ಲ, ಆದರೆ ಜಪಾನಿನ ಹಳೆಯ ನಕಲುಗಳೆಲ್ಲ ಒಂದೇ ಅಳತೆಯವಲ್ಲವಾದ್ದರಿಂದ ಕೊಳ್ಳುವ ಮುನ್ನ ನಿಮ್ಮ ವಾದ್ಯದ ಪಿಕಪ್‌ನ ಉದ್ದಗಲಗಳನ್ನು ಅಳೆದುಕೊಳ್ಳಿ. ಕೆಳಗಿದ್ದ ಫೋಮ್ ಪುಡಿಪುಡಿಯಾಗಿತ್ತು. ಅದಿಲ್ಲದಿದ್ದರೆ ಸ್ಕ್ರೂ ತಿರುಗಿಸಿದರೂ ಪಿಕಪ್ ಮೇಲೇಳುವುದಿಲ್ಲವಾದ್ದರಿಂದ ಹೊಸ ಫೋಮ್ ಕತ್ತರಿಸಿ ಇಟ್ಟೆವು.

ಧ್ವನಿಯ ಬಗ್ಗೆ ಹೇಳುವುದಾದರೆ, ಇದು ಕೇಳಿದ ತಕ್ಷಣ ಬೆರಗುಗೊಳಿಸುವ ಪಿಕಪ್ ಅಲ್ಲ. ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ‘ಇಷ್ಟೇನಾ’ ಎನಿಸಬಹುದು. ಅದರ ಯೋಗ್ಯತೆ ತಿಳಿಯುವುದು ಮೇಳದಲ್ಲಿ. ತಬಲಾ, ಕೀಬೋರ್ಡ್, ಕೊಳಲುಗಳ ನಡುವೆ ಭಾವಗೀತೆಗೆ ನುಡಿಸುವಾಗ ಬಾಸ್‌ನ ಪ್ರತಿ ಸ್ವರದ ಆರಂಭ ಸ್ಪಷ್ಟವಾಗಿ ಕೇಳಿಸಿತು, ಕೆಳಗಿನ ಮಂದ್ರವು ಡಗ್ಗಾದ ನಾದವನ್ನು ನುಂಗಲಿಲ್ಲ. ನಾಲ್ಕು ತಂತಿಗಳ ಬಲ ಸರಿಸಮವಾದದ್ದು ಎಲ್ಲಕ್ಕಿಂತ ದೊಡ್ಡ ಲಾಭ: ಮೊದಲು ಮೇಲಿನ ತಂತಿಗಳಿಗೆ ಹೋದಾಗಲೆಲ್ಲ ಗಟ್ಟಿಯಾಗಿ ಮೀಟಬೇಕಿತ್ತು, ಈಗ ಬೆರಳು ಸಹಜವಾಗಿ ನಡೆಯುತ್ತದೆ. ಕುಣಿತದ ಹಾಡುಗಳಲ್ಲಿ, ಡ್ರಮ್ಸ್ ಮತ್ತು ಪ್ಯಾಡ್ ಅಬ್ಬರಿಸುವಾಗ, ಇನ್ನೂ ಸ್ವಲ್ಪ ಕಸುವಿದ್ದರೆ ಎನಿಸಿದ್ದುಂಟು.

ಅಂಥ ಕಸುವು ಬೇಕಾದವರಿಗೆ ಅದೇ ಸಂಸ್ಥೆಯ ಕ್ವಾರ್ಟರ್ ಪೌಂಡ್, ಎಂದರೆ ಎಸ್‌ಪಿಬಿ-3, ಇದೆ. ಕಾಲು ಇಂಚು ದಪ್ಪದ ಅಯಸ್ಕಾಂತಗಳಿರುವ ಅದನ್ನು ಗೆಳೆಯರೊಬ್ಬರ ವಾದ್ಯದಲ್ಲಿ ನುಡಿಸಿದ್ದೇನೆ. ರಾಕ್ ನುಡಿಸುವವರಿಗೆ ಅದರ ಗಾತ್ರ ಇಷ್ಟವಾಗುತ್ತದೆ. ನನ್ನ ಕಿವಿಗೆ ಅದು ಸುಗಮ ಸಂಗೀತದಲ್ಲಿ ಜಾಗ ಹೆಚ್ಚು ಬೇಡುವ ಅತಿಥಿಯಂತೆ ಕೇಳಿತು. ಬಿಸಿ ಪಿಕಪ್‌ಗಳೆಂದು ಕರೆಯುವ, ಹೆಚ್ಚು ಸುತ್ತುಗಳಿರುವ ಮಾದರಿಗಳ ಬಗೆಗೂ ಒಂದು ಮಾತು: ಸುತ್ತು ಹೆಚ್ಚಿದಷ್ಟೂ ಸಂಕೇತ ಬಲವಾಗುತ್ತದೆ ನಿಜ, ಆದರೆ ಸುರುಳಿಯ ಇಂಡಕ್ಟೆನ್ಸ್ ಏರಿ, ಕೇಬಲ್‌ನ ಕೆಪ್ಯಾಸಿಟೆನ್ಸ್ ಜೊತೆ ಸೇರಿ ಧ್ವನಿಯ ಹೊಳಪಿನ ಶಿಖರ ಕೆಳಕ್ಕೆ ಸರಿಯುತ್ತದೆ. ಕಿಲೋಓಮ್ ಹೆಚ್ಚಿರುವುದೇ ಉತ್ತಮ ಎಂದು ಕೊಳ್ಳುವವರು ಇದನ್ನು ಗಮನಿಸುವುದಿಲ್ಲ. ಬಲ ಬೇಕಾದರೆ ಆಂಪ್ಲಿಫೈಯರ್‌ನಲ್ಲಿ ಏರಿಸಬಹುದು. ಪಿಕಪ್‌ನಲ್ಲೇ ಕಳೆದುಹೋದ ಹೊಳಪನ್ನು ಅಷ್ಟು ಸುಲಭವಾಗಿ ಮರಳಿ ತರಲಾಗದು.

ಜೋಡಣೆಯ ಕೆಲಸವನ್ನು ಮೈಸೂರಿನಲ್ಲೇ, ಕೀಬೋರ್ಡ್ ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುವ ತಂತ್ರಜ್ಞರೊಬ್ಬರಿಂದ ಮಾಡಿಸಿದೆ. ಅವರು ಗಿಟಾರ್ ಪರಿಣತರಲ್ಲ, ಆದರೆ ಬೆಸುಗೆ ಬಲ್ಲವರು, ಈ ಕೆಲಸಕ್ಕೆ ಅದು ಸಾಕು. ಧ್ವನಿ ಏರಿಳಿಸುವ ಗುಂಡಿಯ ಕೆಳಗಿನ ಪಾಟ್‌ನ ಬೆನ್ನಿಗೆ ಅರ್ಥ್ ತಂತು ಬೆಸೆಯುವಾಗ ಸಣ್ಣ ಕಾವಿನ ಐರನ್ ಇಟ್ಟುಕೊಂಡು ಬಹಳ ಹೊತ್ತು ಕಾಯಿಸಿದರೆ ಒಳಗಿನ ಇಂಗಾಲದ ಪಟ್ಟಿ ಹಾಳಾಗುತ್ತದೆಂದು ಅವರೇ ಎಚ್ಚರಿಸಿದರು. ದೊಡ್ಡ ತುದಿಯ ಐರನ್ನಿನಿಂದ ಚಕ್ಕನೆ ಮುಗಿಸಿದರು. 250 ಕಿಲೋಓಮ್‌ನ ಹಳೆಯ ವಾಲ್ಯೂಮ್, ಟೋನ್ ಪಾಟ್‌ಗಳು ಅಳತೆಯಲ್ಲಿ ಸರಿಯಿದ್ದ ಕಾರಣ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಳಿಸಿಕೊಂಡೆವು, ಕರಕರ ಸದ್ದು ಹೋಯಿತು. ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಇದು ಯಾವುದೇ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಇದಕ್ಕೆ ಹೆಸರಾಂತ ದುಬಾರಿ ಕೆಪಾಸಿಟರ್ ತರಿಸುವುದು ನನ್ನ ದೃಷ್ಟಿಯಲ್ಲಿ ದುಂದು. ತಂತಿಗಳ ಬುಡವನ್ನು ಹಿಡಿದಿರುವ ಬ್ರಿಡ್ಜ್‌ನ ಅಡಿಯ ಅರ್ಥ್ ತಂತು ತುಕ್ಕು ಹಿಡಿದಿತ್ತು, ಅದನ್ನು ಬದಲಿಸಿ ಗುಳಿಗೆ ತಾಮ್ರದ ಹಾಳೆ ಅಂಟಿಸಿದ ಮೇಲೆ ಉಳಿದಿದ್ದ ಚಿರಿಚಿರಿಯೂ ನಿಂತಿತು. ಜನರೇಟರ್ ಮೇಲೆ ನಡೆಯುವ ಪೆಂಡಾಲಿನ ಕಾರ್ಯಕ್ರಮಗಳಲ್ಲಿ ಇದರ ಫಲ ಎದ್ದು ಕಂಡಿತು. ಒಂದು ಜಾಗ್ರತೆ ಮಾತ್ರ ಇರಲಿ: ಬ್ರಿಡ್ಜ್‌ನ ಅರ್ಥ್ ಎಂದರೆ ತಂತಿಗಳೂ ಆಂಪ್ಲಿಫೈಯರ್‌ನ ಅರ್ಥ್‌ಗೆ ಸೇರಿದವು ಎಂದರ್ಥ, ಆದ್ದರಿಂದ ಮೂರನೆಯ ಪಿನ್ ಕಿತ್ತ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಆಂಪ್ಲಿಫೈಯರ್ ಚುಚ್ಚಿ, ತಂತಿ ಹಿಡಿದು, ತುಟಿಯನ್ನು ಮೈಕ್‌ಗೆ ತಾಗಿಸುವ ಧೈರ್ಯ ಬೇಡ.

ಬೆಲೆ ಕಡಿಮೆಯಲ್ಲ. ಸಾಗಣೆ, ಸುಂಕಗಳೆಲ್ಲ ಸೇರಿದಾಗ ಕಲಿಯುವವರು ಕೊಳ್ಳುವ ಹೊಸ ಬಾಸ್‌ನ ಬೆಲೆಯ ಗಣನೀಯ ಪಾಲು ಈ ಒಂದು ಪಿಕಪ್‌ಗೇ ಹೋಗುತ್ತದೆ. ನಿಮ್ಮ ಹಳೆಯ ಪಿಕಪ್‌ನ ಎರಡೂ ತುಂಡುಗಳು ಮೀಟರ್‌ನಲ್ಲಿ ಸಮನಾಗಿದ್ದರೆ, ಮೊದಲು ತಂತುಗಳ ದಿಕ್ಕು, ಅರ್ಥ್, ತಾಮ್ರದ ಹಾಳೆ, ಹೊಸ ತಂತಿ ಇಷ್ಟನ್ನು ಮಾಡಿಸಿ ನೋಡಿ. ಬಹುಶಃ ಅಲ್ಲಿಗೇ ನಿಲ್ಲಿಸುವಿರಿ. ಸುರುಳಿ ಕೆಟ್ಟಿದ್ದು ಖಚಿತವಾದರೆ ಎಸ್‌ಪಿಬಿ-1 ಕೊಳ್ಳಲು ನಾನು ಹಿಂಜರಿಯದೆ ಹೇಳುತ್ತೇನೆ, ಅದರಲ್ಲೂ ಹಾಡುಗಾರಿಕೆಗೆ ಪಕ್ಕವಾದ್ಯವಾಗಿ ನುಡಿಸುವವರಿಗೆ. ಜೋಡಿಸಿದ ಮೇಲೆ ಎತ್ತರ ಹೊಂದಿಸುವುದನ್ನು ತಂತ್ರಜ್ಞರಿಗೆ ಬಿಡಬೇಡಿ: ಕೊನೆಯ ಫ್ರೆಟ್ ಒತ್ತಿ ಹಿಡಿದು, ‘ಇ’ ತಂತಿಗೂ ಅಯಸ್ಕಾಂತಕ್ಕೂ ಮೂರು ಮಿಲಿಮೀಟರ್, ‘ಜಿ’ ತಂತಿಗೆ ಎರಡೂವರೆ ಮಿಲಿಮೀಟರ್ ಆಸುಪಾಸಿನಲ್ಲಿ ಆರಂಭಿಸಿ, ನಿಮ್ಮದೇ ಆಂಪ್ಲಿಫೈಯರ್‌ನಲ್ಲಿ, ನಿಮ್ಮದೇ ಬೆರಳಿನ ಬಲಕ್ಕೆ ತಕ್ಕಂತೆ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಮೇಲೆ ಕೆಳಗೆ ಮಾಡುತ್ತಾ ನಾಲ್ಕು ತಂತಿಗಳ ಬಲ ಸಮವಾಗುವವರೆಗೆ ಕೇಳಿಕೊಳ್ಳಿ.