ನಮ್ಮೂರ ವಾರಪತ್ರಿಕೆ: ಸ್ಕೂಲ್ ಬಾಂಡ್ ವರದಿಗೆ 5ಕ್ಕೆ 2 ಸ್ಟಾರ್

ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕಿರುವ ಒಂದು ಊರಲ್ಲಿ ನಮ್ಮ ಮನೆ. ಇಲ್ಲಿನ ವಾರಪತ್ರಿಕೆಗೆ ನಾನು ಹಳೆಯ ಚಂದಾದಾರಳು. ಹೆಸರು ಬೇಡ, ಸಣ್ಣ ಪತ್ರಿಕೆ. ಹೈಸ್ಕೂಲ್ ಫುಟ್‌ಬಾಲ್, ರಸ್ತೆ ಕೆಲಸ, ಹೊಸ ಅಂಗಡಿ ಸುದ್ದಿ ಎಲ್ಲ ಚೆನ್ನಾಗಿ ಕೊಡುತ್ತಾರೆ. ಆದರೆ ಸ್ಕೂಲ್ ಬಾಂಡ್ ಓಟಿಗೆ, ಅಂದರೆ ಸ್ಕೂಲಿಗಾಗಿ ಸಾಲ ಎತ್ತಬಹುದಾ ಅಂತ ಊರವರು ಹಾಕುವ ಓಟಿಗೆ, ಬಂದಾಗ ಮಾತ್ರ ಕೈಕೊಡುತ್ತಾರೆ. ನಾನು ಬರೆಯುತ್ತಿರುವುದು ಅದೊಂದರ ಬಗ್ಗೆ.

ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್‌ಗೆ (ಸುತ್ತಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ) ನಾವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಎರಡು ಭಾಗ ಇದೆ. ಒಂದು ಸಂಬಳ, ಕರೆಂಟು, ಡೀಸೆಲ್‌ನಂಥ ದಿನದ ಖರ್ಚಿಗೆ. ಇನ್ನೊಂದು ಸಾಲ ತೀರಿಸುವುದಕ್ಕೆ. ಬಾಂಡ್ ಅಂದರೆ ಕಟ್ಟಡ, ಬಸ್ಸು, ಕಂಪ್ಯೂಟರ್‌ಗೆ ಅಂತ ಎತ್ತುವ ಸಾಲ. ಆ ದುಡ್ಡಿನಲ್ಲಿ ಟೀಚರ್‌ಗಳಿಗೆ ಸಂಬಳ ಕೊಡುವ ಹಾಗಿಲ್ಲ. ಪತ್ರಿಕೆಯ ಮುಖಪುಟದ ವರದಿಯಲ್ಲಿ ಒಬ್ಬ ತಾಯಿ, ಟೀಚರ್‌ಗಳ ಸಂಬಳ ಜಾಸ್ತಿ ಆಗಲಿ ಅಂತ ಬಾಂಡ್ ಪರ ಓಟು ಹಾಕುವುದಾಗಿ ಹೇಳಿದ್ದರು. ಅದನ್ನು ಹಾಗೇ ಅಚ್ಚು ಹಾಕಿದ್ದಾರೆ. ಬಾಂಡ್ ದುಡ್ಡು ಸಂಬಳಕ್ಕೆ ಹೋಗುವುದಿಲ್ಲ ಅಂತ ಕೆಳಗೆ ಒಂದು ಸಾಲು ಸೇರಿಸಬಹುದಿತ್ತಲ್ವಾ? ಆ ತಾಯಿಯದೇನೂ ತಪ್ಪಿಲ್ಲ. ತಿಳಿಸಬೇಕಾದವರು ತಿಳಿಸಲಿಲ್ಲ.

ಆ ವರದಿಯ ತಲೆಬರಹ, ತೆರಿಗೆ ದರ ಏರುವುದಿಲ್ಲ ಅಂತ. ಡಿಸ್ಟ್ರಿಕ್ಟ್ ಮನೆಮನೆಗೆ ಕಳಿಸಿದ ಕರಪತ್ರದಲ್ಲೂ ಇದೇ ಮಾತು ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕೆಲವು ವಾಕ್ಯಗಳು ಅಕ್ಷರ ಬಿಡದೆ ಒಂದೇ. ಆದರೆ ಮತಗಟ್ಟೆಗೆ ಹೋದರೆ ಬ್ಯಾಲಟ್ ಬೇರೆಯೇ ಹೇಳುತ್ತದೆ. 2019ರ ಕಾನೂನಿನ ಪ್ರಕಾರ ಟೆಕ್ಸಸ್‌ನಲ್ಲಿ ಪ್ರತಿ ಸ್ಕೂಲ್ ಬಾಂಡ್ ಪ್ರಸ್ತಾಪದ ಜೊತೆ 'ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ' ಅಂತ ದೊಡ್ಡಕ್ಷರದಲ್ಲಿ ಇರಲೇಬೇಕು. ಪತ್ರಿಕೆ ನೋಡಿದರೆ ಏರಿಕೆ ಇಲ್ಲ, ಬ್ಯಾಲಟ್ ನೋಡಿದರೆ ಏರಿಕೆ. ಓದುಗರು ಯಾವುದನ್ನು ನಂಬಬೇಕು?

ಲೆಕ್ಕ ಬಿಡಿಸಿ ಹೇಳಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಸಾಲದ ಭಾಗದ ದರ ಮನೆ ಬೆಲೆಯ ಪ್ರತಿ 100 ಡಾಲರ್‌ಗೆ 30 ಸೆಂಟ್ ಅಂತ ಇಟ್ಟುಕೊಳ್ಳಿ. ಮನೆಯ ಬೆಲೆ 4,00,000 ಡಾಲರ್. ಸ್ವಂತ ವಾಸದ ಮನೆಗೆ ಸ್ಕೂಲ್ ತೆರಿಗೆಯಲ್ಲಿ 1,40,000 ಡಾಲರ್ ವಿನಾಯಿತಿ ಕಳೆದರೆ ಉಳಿಯುವುದು 2,60,000. ತೆರಿಗೆ 780 ಡಾಲರ್. ಮುಂದಿನ ವರ್ಷ ಅಪ್ರೈಸಲ್ (ತೆರಿಗೆಗಾಗಿ ಮನೆಗೆ ಕಟ್ಟುವ ಬೆಲೆ) ಶೇ. 10 ಏರಿ ಮನೆ 4,40,000 ಆಯಿತು ಅನ್ನಿ. ಈಗ ತೆರಿಗೆ 900 ಡಾಲರ್. ದರ ಒಂದು ಸೆಂಟೂ ಏರಿಲ್ಲ, ಜೇಬಿನಿಂದ ಮಾತ್ರ 120 ಡಾಲರ್ ಜಾಸ್ತಿ ಹೋಯಿತು. ಇನ್ನೊಂದು ಮಾತೂ ಇದೆ. ಹಳೇ ಸಾಲ ತೀರುತ್ತಾ ಬಂದ ಹಾಗೆ ಈ ದರ ಇಳಿಯಬಹುದು. ಹೊಸ ಸಾಲ ಎತ್ತಿದರೆ ಅದು ಇಳಿಯದೆ ಅಲ್ಲೇ ನಿಲ್ಲುತ್ತದೆ. 'ದರ ಏರುವುದಿಲ್ಲ' ಅನ್ನುವುದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. 65 ದಾಟಿದವರಿಗೆ ಸ್ವಂತ ಮನೆಯ ಸ್ಕೂಲ್ ತೆರಿಗೆ ಒಂದು ಮಿತಿಗೆ ನಿಂತುಬಿಡುತ್ತದೆ, ಅವರಿಗೆ ಈ ಲೆಕ್ಕವೇ ಬೇರೆ. ಅದನ್ನೂ ಪತ್ರಿಕೆ ಹೇಳಲಿಲ್ಲ.

ಇಡೀ ಸಂಚಿಕೆಯಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಹಿಂದಿನ ಪುಟಗಳ ಕಾನೂನು ನೋಟಿಸ್. ಇರುವೆ ಸಾಲಿನಂಥ ಅಕ್ಷರ. ಬೆರಳಿಟ್ಟುಕೊಂಡು ಓದಬೇಕಾಯಿತು. ಆದರೆ ಎಷ್ಟು ಸಾಲ ಕೇಳುತ್ತಿದ್ದಾರೆ, ಎಷ್ಟು ವರ್ಷದಲ್ಲಿ ತೀರಿಸಬೇಕು, ಈಗಾಗಲೇ ಬಾಕಿ ಇರುವ ಅಸಲೆಷ್ಟು, ಬಡ್ಡಿಯೆಷ್ಟು, ಎಲ್ಲವೂ ಅಲ್ಲಿತ್ತು. ಮುಖಪುಟದ ವರದಿಯಲ್ಲಿ ಬಡ್ಡಿ ಅನ್ನುವ ಪದವೇ ಇರಲಿಲ್ಲ. ಇಪ್ಪತ್ತೈದು, ಮೂವತ್ತು ವರ್ಷದ ಸಾಲಕ್ಕೆ ಬಡ್ಡಿ ಬಿಟ್ಟು ಲೆಕ್ಕ ಹೇಳುವುದುಂಟಾ? ತನ್ನದೇ ಹಿಂದಿನ ಪುಟ ನೋಡಿಕೊಂಡು ಬರೆದಿದ್ದರೂ ಸಾಕಿತ್ತು.

ಅನುಮಾನಪಡುವುದು ಮಕ್ಕಳ ವಿರೋಧವಲ್ಲ. ಹತ್ತಿರದ ಆ್ಯಲನ್ ಊರನ್ನೇ ನೋಡಿ. 2009ರಲ್ಲಿ ಮತದಾರರು ಬಾಂಡ್ ಒಪ್ಪಿದರು. ಸುಮಾರು 6 ಕೋಟಿ ಡಾಲರ್ ಖರ್ಚಿನಲ್ಲಿ 18,000 ಜನ ಕೂರುವ ಫುಟ್‌ಬಾಲ್ ಸ್ಟೇಡಿಯಂ 2012ರಲ್ಲಿ ಶುರುವಾಯಿತು. 2014ರಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಬೇಕಾಯಿತು. ದುರಸ್ತಿ ಮಾಡಿ 2015ರಲ್ಲಿ ಮತ್ತೆ ತೆರೆದರು. ಈಗಂತೂ 1,000ಕ್ಕಿಂತ ಜಾಸ್ತಿ ಜನ ಕೂರುವ ಸ್ಟೇಡಿಯಂ ಕಟ್ಟಬೇಕಾದರೆ ಬ್ಯಾಲಟ್‌ನಲ್ಲಿ ಬೇರೆಯೇ ಪ್ರಸ್ತಾಪ ಇಡಬೇಕು. ಅಂದರೆ ಸೋರುವ ಸೂರಿಗೆ ಹೌದು, ಸ್ಟೇಡಿಯಂಗೆ ಬೇಡ ಅಂತ ಓಟು ಹಾಕಬಹುದು. ಇದು ಎಷ್ಟು ಜನಕ್ಕೆ ಗೊತ್ತು? ನಮ್ಮ ಪತ್ರಿಕೆ ಎಲ್ಲ ಪ್ರಸ್ತಾಪಗಳನ್ನೂ ಕೂಡಿಸಿ 'ಬಾಂಡ್' ಅಂತ ಒಂದೇ ಮಾತಲ್ಲಿ ಮುಗಿಸಿತು.

ಹಾಗಂತ ಡಿಸ್ಟ್ರಿಕ್ಟ್ ಕೇಳಿದ್ದೆಲ್ಲ ದಂಡ ಅನ್ನುತ್ತಿಲ್ಲ. ನಮ್ಮ ಮಗನ ಸ್ಕೂಲಲ್ಲಿ ಎಸಿ ಹಳೆಯದು, ಸೆಪ್ಟೆಂಬರ್ ಸೆಕೆಗೆ ಮಕ್ಕಳು ಒದ್ದಾಡುತ್ತಾರೆ. ಅದಕ್ಕೆ ದುಡ್ಡು ಬೇಕೇ ಬೇಕು. ಆದರೆ ಸಾರ್ವಜನಿಕರ ದುಡ್ಡಲ್ಲಿ 'ಓಟು ಕೊಡಿ' ಅಂತ ಪ್ರಚಾರ ಮಾಡುವುದಕ್ಕೆ ಡಿಸ್ಟ್ರಿಕ್ಟ್‌ಗೆ ಕಾನೂನಿನ ತಡೆ ಇದೆ, ಅದು ಬರೀ ಮಾಹಿತಿ ಕೊಡಬೇಕು. ಆ ಮಾಹಿತಿಗೆ ಪ್ರಶ್ನೆ ಕೇಳುವುದು ಪತ್ರಿಕೆಯ ಕೆಲಸ. ಹಿಂದಿನ ಬಾಂಡ್‌ನಲ್ಲಿ ಹೇಳಿದ ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ, ಮಕ್ಕಳ ಸಂಖ್ಯೆ ನಿಜಕ್ಕೂ ಏರುತ್ತಿದೆಯಾ ಅಂತ ವರದಿಗಾರರು ಯಾಕೆ ಕೇಳಲಿಲ್ಲ? ಸಂಪಾದಕರಿಗೆ ಪತ್ರ ಬರೆದು ಇದನ್ನೇ ಕೇಳಿದೆ. ಪತ್ರ ಹಾಕಿದರು, ಅದಕ್ಕೆ ಒಂದು ಸ್ಟಾರ್. ಉತ್ತರ ಮಾತ್ರ ಬರಲಿಲ್ಲ.

ಇನ್ನೊಂದು ಸ್ಟಾರ್ ಆ ನೋಟಿಸ್ ಪುಟಕ್ಕೆ. ಚಂದಾ ನಿಲ್ಲಿಸುವುದಿಲ್ಲ, ಊರಿನ ಸುದ್ದಿಗೆ ಬೇರೆ ಪತ್ರಿಕೆ ಇಲ್ಲ. ಹೊಸದಾಗಿ ಈ ಕಡೆ ಬಂದವರು ಧಾರಾಳವಾಗಿ ತರಿಸಿಕೊಳ್ಳಿ. ಬಾಂಡ್ ಓಟು ಬಂದಾಗ ಮಾತ್ರ ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ಮತದಾರರ ಮಾಹಿತಿ ಪತ್ರ ಹುಡುಕಿ. ಪ್ರತಿ ಪ್ರಸ್ತಾಪಕ್ಕೂ ಅಸಲು, ಅಂದಾಜು ಬಡ್ಡಿ, ಎರಡೂ ಸೇರಿದ ಮೊತ್ತ ಅದರಲ್ಲಿ ಇರಲೇಬೇಕು. ಮೊದಲು ಆ ಮೂರು ಅಂಕಿ ನೋಡಿ, ಆಮೇಲೆ ಮುಖಪುಟ ಓದಿ.