ಸ್ನ್ಯಾಪ್‌ಶಾಟ್ ಸ್ಕ್ರಿಪ್ಟ್‌ಗೆ ದುಡ್ಡು ಕೊಟ್ಟು ನಾಲ್ಕು ದಿನದ ಕೆಲಸ ಕಳೆದುಕೊಂಡೆ

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಸ್ನ್ಯಾಪ್‌ಶಾಟ್ (ಫೈಲುಗಳ ಆ ಕ್ಷಣದ ಪ್ರತಿ) ತೆಗೆಯಲು ಬೇರೆಯವರು ಬರೆದ ಸ್ಕ್ರಿಪ್ಟ್ ಬಳಸುತ್ತಿದ್ದೀರಾ? ಈಗಲೇ ತೆರೆದು, ಒಳಗೆ ‘ಕ್ಲೀನ್’ ಅನ್ನುವ ಪದ ಇದೆಯಾ ನೋಡಿ. ನಾನು ನೋಡಲಿಲ್ಲ.

ಒಬ್ಬ ಫ್ರೀಲಾನ್ಸರ್‌ಗೆ 2,500 ರೂಪಾಯಿ ಕೊಟ್ಟು ಬರೆಸಿದ್ದೆ. ದೊಡ್ಡ ಬದಲಾವಣೆಗೆ ಕೈ ಹಾಕುವ ಮುಂಚೆ ಓಡಿಸಿ, ಫೈಲು ಸೇಫ್ ಅಂದಿದ್ದ. ಮೂರು ವಾರ ಏನೂ ಆಗಲಿಲ್ಲ. ಆಗ ಹಳೆಯ ಫೈಲುಗಳನ್ನೇ ತಿದ್ದುತ್ತಿದ್ದೆ, ಅದಕ್ಕೆ.

ಕಳೆದ ಗುರುವಾರ ರಾತ್ರಿ ಮತ್ತೆ ಓಡಿಸಿದೆ. ಒಂದು ಅಕ್ಕಿ ಗಿರಣಿಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಕನ್ನಡ ರಸೀದಿ ಮಾಡುತ್ತಿದ್ದೆ. ನಾಲ್ಕು ದಿನದಲ್ಲಿ 14 ಹೊಸ ಫೈಲು, ಒಂದನ್ನೂ ಆಡ್ ಮಾಡಿರಲಿಲ್ಲ, ಅಂದರೆ ಗಿಟ್‌ಗೆ ಒಪ್ಪಿಸಿರಲಿಲ್ಲ. ಪರದೆ ಮೇಲೆ ‘ಸೇವ್ಡ್ ವರ್ಕಿಂಗ್ ಡೈರೆಕ್ಟರಿ’ ಅಂತ ಬಂತು. ಅದರ ಕೆಳಗೆ ‘ರಿಮೂವಿಂಗ್’, ‘ರಿಮೂವಿಂಗ್’, ‘ರಿಮೂವಿಂಗ್’. 14 ಸಾಲು. ನಾನು ‘ಸೇವ್ಡ್’ ನೋಡಿ, ನಂಬಿ, ಟೀ ಕುಡಿಯಲು ಎದ್ದು ಹೋದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಣ್ಣೆದುರೇ ಅಳಿಸಿ ಹೋಯಿತು, ಕಣ್ಣೆದುರೇ!

ಸ್ಕ್ರಿಪ್ಟಿನಲ್ಲಿ ಮೊದಲು ಇದ್ದದ್ದು ‘ಗಿಟ್ ಸ್ಟ್ಯಾಶ್’, ಬದಲಾವಣೆಗಳನ್ನು ಪಕ್ಕಕ್ಕೆ ಎತ್ತಿಡುವ ಕಮಾಂಡ್. ಸುಮ್ನೆ ಅಷ್ಟೇ ಬರೆದರೆ ಆಡ್ ಮಾಡದ ಹೊಸ ಫೈಲನ್ನು ಅದು ಎತ್ತಿಡುವುದಿಲ್ಲ. ‘-ಯು’ ಹಾಕಬೇಕು. ಆತ ಹಾಕಿರಲಿಲ್ಲ. ಮುಂದಿನ ಸಾಲಲ್ಲೇ ‘ಗಿಟ್ ಕ್ಲೀನ್ -ಎಫ್‌ಡಿ’ ಇತ್ತು. ಅದು ಅಳಿಸುವುದು ಅಂಥ ಫೈಲುಗಳನ್ನೇ, ಕಸದ ಬುಟ್ಟಿಗೂ ಹಾಕದೆ. ಗಿಟ್ ಒಳಗೆ ಕಳೆದುಹೋದದ್ದನ್ನು ಹುಡುಕಲು ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿದೆ, ಏನೂ ಸಿಗಲಿಲ್ಲ. ಗಿಟ್ ಒಳಗೆ ಒಮ್ಮೆಯೂ ಹೋಗದ ಫೈಲು ಎಲ್ಲಿಂದ ಸಿಗಬೇಕು? ಎಡಿಟರಿನಲ್ಲಿ ತೆರೆದಿದ್ದ ಒಂದೇ ಒಂದು ಉಳಿಯಿತು, ಹೆಸರಿನ ಮೇಲೆ ಗೀಟು ಬಿದ್ದ ಟ್ಯಾಬಿನಲ್ಲಿ.

ಫ್ರೀಲಾನ್ಸರ್‌ಗೆ ಮೆಸೇಜ್ ಮಾಡಿದೆ. “ಗಿಟ್ ಇರೋದೇ ಹಾಗೆ ಸರ್.” ಆಮೇಲೆ “ನೀವು ಆಡ್ ಮಾಡಬೇಕಿತ್ತು ಅಲ್ವಾ?” ನಾನೇ ಆಡ್ ಮಾಡಿಕೊಳ್ಳುವುದಾದರೆ ಇವನ ಸ್ಕ್ರಿಪ್ಟ್ ಯಾಕೆ ಬೇಕಿತ್ತು? ಕ್ಲೀನ್ ಯಾಕೆ ಹಾಕಿದೆ ಅಂದೆ. “ಫೋಲ್ಡರ್ ನೀಟಾಗಿರಲಿ ಅಂತ.” ನೀಟಾಗಿರಲಿ ಅಂತ! ದುಡ್ಡು ವಾಪಸ್ ಕೇಳಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ಸ್ಕ್ರಿಪ್ಟಿನ ಕೊನೆಯ ಸಾಲು ‘ಸ್ಟ್ಯಾಶ್ ಪಾಪ್’, ಎತ್ತಿಟ್ಟಿದ್ದನ್ನು ವಾಪಸ್ ತರುವ ಕಮಾಂಡ್. ಅದೂ ಅಪಾಯವೇ. ಎತ್ತಿಡಲು ಏನೂ ಇಲ್ಲದಿದ್ದರೂ ಸ್ಟ್ಯಾಶ್ ಎರರ್ ಕೊಡುವುದಿಲ್ಲ. ಆಗ ಪಾಪ್ ಹಿಂದಿನ ಯಾವುದೋ ಹಳೆಯ ಸ್ಟ್ಯಾಶ್ ತಂದು ಸುರಿಯುತ್ತದೆ.

ಸ್ನ್ಯಾಪ್‌ಶಾಟ್ ಸ್ಕ್ರಿಪ್ಟ್ ಕೆಲಸದ ಫೈಲನ್ನು ಮುಟ್ಟಲೇಬಾರದು. ಆಡ್ ಮಾಡಿದ್ದರ ಪಟ್ಟಿ ಎಲ್ಲಿರಬೇಕು ಅಂತ ಹೇಳುವ ‘ಗಿಟ್_ಇಂಡೆಕ್ಸ್_ಫೈಲ್’ಗೆ ಬೇರೆ ತಾತ್ಕಾಲಿಕ ಫೈಲು ಕೊಟ್ಟು ‘ಆಡ್ -ಎ’, ‘ರೈಟ್-ಟ್ರೀ’, ‘ಕಮಿಟ್-ಟ್ರೀ’, ಕೊನೆಗೆ ‘ಅಪ್‌ಡೇಟ್-ರೆಫ್’ ಮಾಡಿಸಿ; ಕೆಲಸದ ಫೈಲು ಹಾಗೇ ಇದ್ದು, ಅದರ ಪ್ರತಿ ಗಿಟ್ ಒಳಗೆ ಸೇರುತ್ತದೆ. ಗಿಟ್ ಲೆಕ್ಕಕ್ಕೆ ಹಿಡಿಯಬಾರದು ಅಂತ ಗಿಟ್‌ಇಗ್ನೋರ್‌ನಲ್ಲಿ ಬರೆದಿಟ್ಟ ಫೈಲು ಮಾತ್ರ ಇದರಲ್ಲೂ ಬರುವುದಿಲ್ಲ. ದುಡ್ಡು ಕೊಡುವ ಮುಂಚೆ ಪರೀಕ್ಷೆಗೆಂದೇ ಮಾಡಿದ ಒಂದು ಗಿಟ್ ಫೋಲ್ಡರಿನಲ್ಲಿ, ಅವರ ಎದುರಿಗೇ, ಹೊಸ ಫೈಲು ಇಟ್ಟು ಓಡಿಸಿ ನೋಡಿ.

ಗಿರಣಿಯವರಿಗೆ ಸೋಮವಾರ ರಸೀದಿ ಕೊಡುತ್ತೇನೆ ಅಂದಿದ್ದೆ. 13 ಫೈಲು ಮತ್ತೆ ಬರೆಯುತ್ತಾ ಕೂತಿದ್ದೇನೆ.